ಸಿಸ್ಟರಿಗೆ ಕೈಕಟ್ಟು ಏಕೆ?

ಡಯಾಲಿಸಿಸ್ ಯಂತ್ರ ಬಂದೊಡನೆ ಮೂತ್ರಪಿಂಡ ರೋಗಿಗಳ ಕಷ್ಟ ತೀರಿತೆಂದು ಭಾವಿಸುವವರೊಡನೆ ನನ್ನ ತಕರಾರಿದೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಯಿತು, ಸಂತೋಷವೇ. ಆದರೆ ಯಂತ್ರ ಬೇಕಾಗುವುದು ಮೂತ್ರಪಿಂಡ ಸೋತ ಮೇಲೆ. ಅದಕ್ಕೂ ಮೊದಲು, ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಸದ್ದಿಲ್ಲದೆ ಅದನ್ನು ಸವೆಸುತ್ತಿರುವ ವರ್ಷಗಳಲ್ಲಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗನನ್ನು ನೋಡುವವರಾರು? ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯೇಟಿನಿನ್: ಈ ಎರಡು ಸುಲಭ ಪರೀಕ್ಷೆಗಳು ಹಾನಿಯ ಸುಳಿವನ್ನು ಬೇಗನೆ ಕೊಡುತ್ತವೆ. ಗಂಗಾವತಿಯ ಭತ್ತದ ಗದ್ದೆಯಲ್ಲಿ ದಿನವಿಡೀ ಬಗ್ಗಿ ದುಡಿದು, ಮೈನೋವಿಗೆಂದು ನಿತ್ಯವೂ ಗುಳಿಗೆ ನುಂಗುವ ಕೂಲಿಯಾಳಿಗೆ 'ಇದು ಕಿಡ್ನಿಗೆ ಕೇಡು' ಎಂದು ಹೇಳಲು ನೆಫ್ರಾಲಜಿಸ್ಟರೇ ಬರಬೇಕೇ?

ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ಚಿಕಿತ್ಸೆಗೆಂದು ಎರಡು ವರ್ಷಗಳ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿದೆ. ಬ್ರಿಟನ್ನಿನಲ್ಲಿ ವಿಶೇಷ ತರಬೇತಿ ಪಡೆದ ದಾದಿಯರು 2006ರಿಂದ ಬಹುತೇಕ ಎಲ್ಲ ಔಷಧಗಳನ್ನೂ ತಾವೇ ಬರೆದುಕೊಡಬಲ್ಲರು. ಮೂತ್ರಪಿಂಡದ ಆರೈಕೆಯಲ್ಲಿ ನಮ್ಮ ಸಿಸ್ಟರಮ್ಮನಿಗೆ ಅಂಥ ತರಬೇತಿ, ಅಧಿಕಾರ ಏಕಿರಬಾರದು?

ವೈದ್ಯರಾಗಿರುವ ನನ್ನ ಶಿಷ್ಯರು 'ಗುರುಗಳೇ, ಇದು ಅಪಾಯ' ಎನ್ನಬಹುದು. ಲಿಖಿತ ನಿಯಮದಂತೆ ಆಕೆ ಪರೀಕ್ಷೆ ಮಾಡಿಸಲಿ, ರಕ್ತದೊತ್ತಡದ ಮಾತ್ರೆಯನ್ನು ಹೊಂದಿಸಲಿ, ಕ್ರಿಯೇಟಿನಿನ್ ಏರಿದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕಳಿಸಲಿ. ಊರಲ್ಲಿ ಯಾರೂ ನೋಡದಿರುವುದಕ್ಕಿಂತ ಇದರಲ್ಲಿ ಹೆಚ್ಚಿನ ಅಪಾಯವೇನು, ಹೇಳಿ. ಗುತ್ತಿಗೆಯ ಅಲ್ಪ ಸಂಬಳ ಕೊಟ್ಟು ದಾದಿಯಿಂದ ವೈದ್ಯರ ಕೆಲಸ ಮಾಡಿಸಿಕೊಳ್ಳುವ ಜಾಣತನಕ್ಕೆ ಮಾತ್ರ ನನ್ನ ಸಮ್ಮತಿಯಿಲ್ಲ.