ಬದಲಿಯ ಹೆಸರಿನಲ್ಲಿ ಕೀಳು ವಸ್ತು

ಖಾತರಿಯ ಅವಧಿಯೊಳಗೆ ಕೆಟ್ಟ ಯಂತ್ರಕ್ಕೆ ಬದಲಾಗಿ ಕಡಿಮೆ ಯೋಗ್ಯತೆಯ ಯಂತ್ರವನ್ನು ಕೊಡುವುದು ಸ್ತೇಯದ ಒಂದು ಬಗೆಯೆಂದೇ ನನ್ನ ಮತ. ವ್ಯಾಪಾರಿ ಬಂಧುಗಳಿಗೆ ಈ ಮಾತು ಕಟುವೆನಿಸಬಹುದು.

ಹುಳಿಯಾರಿನ ನಮ್ಮ ಮನೆಗೆ ಕೊಂಡ ವೈಫೈ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್‌ಗಳ ಎರಡು ತರಂಗಪಟ್ಟಿಗಳದ್ದು. ಅದು ಕೆಟ್ಟಾಗ ಕಂಪನಿಯವರು ಕಳುಹಿಸಿದ್ದು 2.4ರ ಒಂದೇ ಪಟ್ಟಿಯದು. ಈ ಪಟ್ಟಿ ಗೋಡೆ ದಾಟಿ ದೂರ ಹೋಗುತ್ತದೆ, ನಿಜ. ಆದರೆ ನೆರೆಮನೆಯ ಯಂತ್ರಗಳೂ ಅದರಲ್ಲಿಯೇ ನೂಕಾಡುತ್ತವೆ. ವೇಗವಿರುವುದು ಇನ್ನೊಂದರಲ್ಲಿ, ಹೆಚ್ಚು ಹಣ ತೆತ್ತದ್ದೂ ಅದಕ್ಕೇ. ಕೇಳಿದರೆ, "ಆ ಮಾದರಿ ನಿಂತಿದೆ, ಇದೂ ರೂಟರೇ" ಎಂಬ ಉತ್ತರ! ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ಬೆಲೆ ಪಡೆದು ಹೋಳು ಕೊಬ್ಬರಿ ತೂಗಿ, "ಇದೂ ಕೊಬ್ಬರಿಯೇ" ಎಂದವನ ಅಂಗಡಿಗೆ ಮರುದಿನ ಯಾರು ಹೋದಾರು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಡೆಯದು ಪ್ರತಿರೂಪಕ ವ್ಯವಹಾರ, ಅಂದರೆ ಒಳ್ಳೆಯದರ ವೇಷದಲ್ಲಿ ಕೀಳನ್ನು ಸಾಗಿಸುವುದು. ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕಷ್ಟೇ ಇದನ್ನು ಸೀಮಿತಗೊಳಿಸಿದವರು ನಾವು. ಖಾತರಿ ಚೀಟಿಗೂ ಇದು ಅನ್ವಯಿಸುತ್ತದೆ. ಮಾದರಿ ನಿಂತಿದ್ದರೆ ಸಮಾನವಾದುದನ್ನೋ ಮೇಲಿನದನ್ನೋ ಕೊಡಲಿ. ಇಲ್ಲವೇ ಹಣ ಮರಳಿಸಲಿ.

ಅಲ್ಪ ವಿಷಯ, ಕ್ಷಮಿಸಿಬಿಡಿ ಎನ್ನುವವರಿದ್ದಾರೆ. ಬಸದಿಯ ದ್ರವ್ಯದಿಂದ ಕೊಂಡ ವಸ್ತುವಾದರೆ ಹಾಗೆ ಕ್ಷಮಿಸುವ ಅಧಿಕಾರ ಟ್ರಸ್ಟಿಗಳಿಗೆ ಎಲ್ಲಿಂದ ಬಂತು? ಮನೆಬಳಕೆಗೆ ಕೊಂಡವನಂತೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾನಿರುವ ಜಿಲ್ಲೆಯಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ನಮಗೆ ತುಮಕೂರಿನ ಆಯೋಗವಿದೆ. ಬಿಲ್ಲನ್ನೂ ಎರಡು ಯಂತ್ರಗಳ ಮಾದರಿ ಸಂಖ್ಯೆಗಳನ್ನೂ ತೆಗೆದಿಟ್ಟಿದ್ದೇನೆ.