ಫ್ಲೆಕ್ಸ್‌ನಲ್ಲಿ ಕಾಣದ ‘ಲಾಂಗ್ ಟರ್ಮ್’

ಮಾನ್ಯ ಸಂಪಾದಕರೇ,

ನೀಟ್ ಫಲಿತಾಂಶ ಬಂದ ಮರುದಿನದಿಂದ ಮೂಡುಬಿದಿರೆ–ಕಾರ್ಕಳ ರಸ್ತೆಯುದ್ದಕ್ಕೂ ಮಕ್ಕಳ ಮುಖಗಳೇ. ನಮ್ಮ ಬೆಳುವಾಯಿ ಪೇಟೆಯಲ್ಲೂ ಕಂಬಕ್ಕೊಂದು ಕೋಚಿಂಗ್ ಕೇಂದ್ರದ ಫ್ಲೆಕ್ಸ್. ಆ ವಾರ ನಿಮ್ಮ ಮುಖಪುಟವೂ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ, ಬೇಸರಿಸಬೇಡಿ. ಮಕ್ಕಳ ಸಾಧನೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೆಸರು, ಅಂಕ, ರ‍್ಯಾಂಕ್ ಎಲ್ಲ ದೊಡ್ಡಕ್ಷರದಲ್ಲಿರುವ ಆ ಜಾಹೀರಾತುಗಳಲ್ಲಿ, ಈ ಹುಡುಗಿ ಪಿಯುಸಿ ಮುಗಿಸಿದ ವರ್ಷವೇ ಈ ರ‍್ಯಾಂಕ್ ಪಡೆದಳೋ ಅಥವಾ ಒಂದೆರಡು ವರ್ಷ ‘ಲಾಂಗ್ ಟರ್ಮ್’ ಬ್ಯಾಚಿನಲ್ಲಿ ಕೂತು ಪಡೆದಳೋ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ವರ್ಷ ಬಿಟ್ಟು ಮತ್ತೆ ಬರೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಸುಳ್ಯದಿಂದ ಮಂಗಳೂರಿನವರೆಗೆ ಖಾಸಗಿ ಮೆಡಿಕಲ್ ಕಾಲೇಜುಗಳು ಸಾಲಾಗಿರುವ ನಮ್ಮ ಜಿಲ್ಲೆಯಲ್ಲಿ ಸರ್ಕಾರದ್ದು ಒಂದೂ ಇಲ್ಲ. ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಕೇಳಿದರೆ ಎರಡೆಕರೆ ಅಡಿಕೆ ತೋಟದವರೂ ತೆಪ್ಪಗಾಗುತ್ತಾರೆ. ಹೀಗಿರುವಾಗ ಬಡ ಮನೆಯ ಮಕ್ಕಳಿಗೆ ಇನ್ನೊಂದು ಸಲ ಬರೆಯುವುದೇ ಉಳಿದಿರುವ ದಾರಿ. ನೀಟ್‌ಗೆ ಇಷ್ಟೇ ಸಲ ಎಂಬ ಮಿತಿಯೂ ಇಲ್ಲ. ಆದರೆ ಒಂದು ವರ್ಷವನ್ನು ಪಣಕ್ಕಿಡುವವರಿಗೆ ಲೆಕ್ಕ ಗೊತ್ತಿರಬೇಡವೇ? ಕಳೆದ ವರ್ಷ ಲಾಂಗ್ ಟರ್ಮ್‌ಗೆ ಸೇರಿದವರೆಷ್ಟು, ಅವರಲ್ಲಿ ಸರ್ಕಾರಿ ಕೋಟಾದ ಸೀಟು ಪಡೆದವರೆಷ್ಟು? ಫ್ಲೆಕ್ಸ್‌ನಲ್ಲಿ ನಗುವ ಹತ್ತು ಮುಖಗಳ ಹಿಂದೆ ಮುಖವೇ ಇಲ್ಲದ ಎಷ್ಟು ಮಂದಿ ಇದ್ದಾರೆ?

‘ನಮ್ಮಲ್ಲಿ ಇಷ್ಟು ಮಂದಿ ಕ್ವಾಲಿಫೈಡ್’ ಎನ್ನುವುದು ಇನ್ನೊಂದು ಮಾಯೆ. 2025ರಲ್ಲಿ ಸಾಮಾನ್ಯ ವರ್ಗದವರಿಗೆ 720ಕ್ಕೆ 144 ಬಂದರೂ ಕ್ವಾಲಿಫೈ ಆಯಿತು. ಆ ವರ್ಷ ಬರೆದದ್ದು 22 ಲಕ್ಷಕ್ಕೂ ಹೆಚ್ಚು ಮಂದಿ, ಕ್ವಾಲಿಫೈ ಆದದ್ದು 12 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸರ್ಕಾರಿ, ಖಾಸಗಿ ಎಲ್ಲ ಸೇರಿ 1.2 ಲಕ್ಷದ ಆಸುಪಾಸು. ಅಂಕ ನೋಡಿ ‘ಇನ್ನೊಂದು ಐವತ್ತು ಬಂದಿದ್ದರೆ ಆಗುತ್ತಿತ್ತು’ ಎಂದು ಮನೆಯಲ್ಲಿ ಹಾಕುವ ಲೆಕ್ಕವೂ ಅಷ್ಟಕ್ಕಷ್ಟೆ. 2024ರಲ್ಲಿ ಮೊದಲು ಪ್ರಕಟವಾದ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು; ಮರುವರ್ಷ ದೇಶದ ಮೊದಲ ರ‍್ಯಾಂಕಿಗೇ 686. ಹಾಗಾಗಿ ಮತ್ತೆ ಬರೆಯಬೇಕೋ ಬೇಡವೋ ಎಂದು ಯೋಚಿಸುವವರು ಅಂಕವನ್ನು ಬದಿಗಿಟ್ಟು, ತಮ್ಮ ರ‍್ಯಾಂಕನ್ನು ಕೆಇಎ ಪ್ರಕಟಿಸುವ ಕಟ್ ಆಫ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇರುವವರು ಆ ಕಾಲಂಗಳನ್ನೂ ನೋಡಲಿ. ಪ್ರವೇಶಕ್ಕೆ ಅರ್ಜಿ ಕೊಡುವ ಕೌಂಟರಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ವಿದ್ಯಾರ್ಥಿಯ ಫೋಟೊ ಹಾಕಿದರೆ ಆತ ಸೇರಿದ್ದ ಕೋರ್ಸ್ ಯಾವುದು, ಎಷ್ಟು ಅವಧಿಯದು, ಹಣ ಕೊಟ್ಟು ಕಲಿತದ್ದೇ ಎಂಬುದನ್ನು ಫೋಟೊದ ಜತೆಗೇ ಹೇಳಬೇಕು. ಷರತ್ತುಗಳನ್ನು ಇರುವೆಯ ಗಾತ್ರದಲ್ಲಿ ಮುದ್ರಿಸುವಂತಿಲ್ಲ. ನಮ್ಮ ಪೇಟೆಯ ಫ್ಲೆಕ್ಸ್‌ಗಳ ಕೆಳಗೆ ನಿಂತು ನೋಡಿದ್ದೇನೆ, ಫೋನ್ ನಂಬರ್ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಇನ್ನು ಶುಲ್ಕದ ವಿಷಯ. ನಮ್ಮ ನೆರೆಮನೆಯಾಕೆ ಬೀಡಿ ಕಟ್ಟಿ ಮಗಳನ್ನು ಓದಿಸಿದವರು. ಸಂಘದ ಸಾಲ ತೆಗೆದು ವರ್ಷದ ಶುಲ್ಕವನ್ನು ಒಂದೇ ಸಲಕ್ಕೆ ಕಟ್ಟಿದರು. ಮಳೆಗಾಲ ಮುಗಿಯುವುದರೊಳಗೆ ಹುಡುಗಿ ಕಾಯಿಲೆ ಬಿದ್ದು ಹಾಸ್ಟೆಲಿನಿಂದ ಮನೆಗೆ ಬಂದಳು. ಹಣ ಕೇಳಲು ಹೋದಾಗ ರಶೀದಿಯ ಕೆಳಗಿದ್ದ ನೇರಳೆ ಶಾಯಿಯ ಮೊಹರು ತೋರಿಸಿದರಂತೆ: ‘ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ’. ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು, ಹಾಸ್ಟೆಲ್, ಮೆಸ್ಸಿನ ಹಣ ಸಹಿತ ಹತ್ತು ದಿನದೊಳಗೆ ಮರಳಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲೇ ಹೇಳಿದೆ. ಆದರೆ ಅದನ್ನು ಜಾರಿ ಮಾಡಬೇಕಾದದ್ದು ರಾಜ್ಯ. ನೀಟ್ ಬೇಡವೆಂದು 2024ರ ಜುಲೈಯಲ್ಲಿ ನಿರ್ಣಯ ಮಾಡಿದ ವಿಧಾನಸಭೆಗೆ, ನೀಟ್ ಇರುವಷ್ಟು ಕಾಲ ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನು ಹದ್ದುಬಸ್ತಿನಲ್ಲಿಡುವ ಹೊಣೆಯೂ ಇದೆ.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಕೋಚಿಂಗ್ ಕೇಂದ್ರಗಳ ತಪಾಸಣೆಗೂ ದೂರು ಕೇಳುವುದಕ್ಕೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕೆಂದು ಹೇಳಿದೆ. ನಮ್ಮ ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಬೆಳುವಾಯಿಯ ಒಬ್ಬ ತಾಯಿ ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂಬುದನ್ನು ಜಿಲ್ಲಾಧಿಕಾರಿಗಳು ಪ್ರಕಟಿಸಲಿ. ತಮ್ಮಲ್ಲೂ ಒಂದು ಕೋರಿಕೆ: ಮುಂದಿನ ಫಲಿತಾಂಶದ ಜಾಹೀರಾತು ಬಂದಾಗ, ಪ್ರತಿ ಫೋಟೊದ ಕೆಳಗೆ ಕೋರ್ಸಿನ ಹೆಸರು, ಅವಧಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮುದ್ರಿಸಬೇಡಿ.

ಶುಲ್ಕ ಕಳೆದುಕೊಂಡ ಪೋಷಕರು ರಶೀದಿಯನ್ನು ಜೋಪಾನವಾಗಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು.

– ನಿವೃತ್ತ ಶಿಕ್ಷಕ, ಬೆಳುವಾಯಿ