ಕನ್ನಡದಲ್ಲಿ ಕರ್ಬಲೆ: ಒಂದು ವಾದ

ಸಾಲಗುಂದವೇ ಮೊದಲಾದ ಸಿಂಧನೂರು ಸೀಮೆಯ ಗ್ರಾಮಗಳ ಮುಸಲ್ಮಾನ ತರುಣರು ಸ್ವಮತದ ಗ್ರಂಥಗಳನ್ನು ಓದುವುದಿಲ್ಲವೆಂದು ಆಕ್ಷೇಪಿಸುವವರುಂಟು. ಆ ಗ್ರಂಥಗಳು ಯಾವ ಲಿಪಿಯಲ್ಲಿವೆಯೆಂಬುದನ್ನು ಅವರು ಮೊದಲು ವಿಚಾರಿಸಬೇಕಾಗಿತ್ತು. 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ನಾಡಿನಲ್ಲಿ ಉರ್ದು ರಾಜಭಾಷೆಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ವೈದ್ಯಶಾಸ್ತ್ರವನ್ನು ಸಹ ಆ ಭಾಷೆಯಲ್ಲಿಯೇ ಬೋಧಿಸಿತು. ಅಂದಿನ ಅಜ್ಜನು ನಿರಾಯಾಸವಾಗಿ ಓದಿದ ಪುಸ್ತಕವು ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗನಿಗೆ ಕಪಾಟಿನ ಅಲಂಕಾರವಾಗಿದೆ. ಆತನು ಮನೆಯಲ್ಲಿ ಆಡುವುದು ದಖನಿ, ಮಸೀದಿಯಲ್ಲಿ ಪಠಿಸುವುದು ಅರಬ್ಬಿ, ಓದಿ ಬರೆಯುವುದು ಕನ್ನಡ. ಇಂತಿರಲು ತಪ್ಪು ಯಾರದು?

ಕನ್ನಡಕ್ಕೆ ಇಳಿದರೆ ಇಸ್ಲಾಮಿನ ವಿಷಯವು ಗೌರವಗುಂದುವುದೆಂದು ಕೆಲವರು ಶಂಕಿಸುವರು. ಈ ಶಂಕೆಯು ಹಳೆಯದು. ಹದಿನಾರನೆಯ ಶತಮಾನದ ಬಿಜಾಪುರದಲ್ಲಿ ಸೂಫಿ ಬುರ್ಹಾನುದ್ದೀನ್ ಜಾನಂ ಅವರು ದೇಶಭಾಷೆಯಲ್ಲಿ ತತ್ತ್ವವನ್ನು ಬರೆದಾಗ ಅದಕ್ಕೆ ಸಮರ್ಥನೆಯನ್ನೂ ಬರೆಯಬೇಕಾಯಿತು. ಇಂದು ಯಾವುದನ್ನು ಮತದ ಭಾಷೆಯೆಂದು ಹಿಡಿದಿರುವರೋ ಆ ಉರ್ದುವಿಗೇ ಹಿಂದೊಮ್ಮೆ ಅದರ ಯೋಗ್ಯತೆಯಿಲ್ಲವೆಂದು ಎಣಿಸಿದ್ದರು!

ಕನ್ನಡದಲ್ಲಿ ಏನೂ ಇಲ್ಲವೆಂದಲ್ಲ. ಮಂಗಳೂರಿನಲ್ಲಿ 1978ರಿಂದ ಸನ್ಮಾರ್ಗ ವಾರಪತ್ರಿಕೆಯು ಹೊರಟಿತು. ಶಾಂತಿ ಪ್ರಕಾಶನವು ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಮುದ್ರಿಸಿದೆ. ಈ ಉದ್ಯಮವು ಶ್ಲಾಘ್ಯವೇ. ಆದರೆ ಇಂತಹ ಪುಸ್ತಿಕೆಗಳಲ್ಲಿ ಬಹುಭಾಗವು ಉಪದೇಶ. ಮಮ್ಮಟನು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದನು: ಪ್ರಭುವಿನಂತೆ ಆಜ್ಞಾಪಿಸುವುದು, ಮಿತ್ರನಂತೆ ತಿಳಿಹೇಳುವುದು, ಕಾಂತೆಯಂತೆ ರಸದಿಂದ ಒಲಿಸಿಕೊಳ್ಳುವುದು. ಹದಿನೆಂಟರ ಹುಡುಗನಿಗೆ ಮೊದಲನೆಯದೊಂದನ್ನೇ ಬಡಿಸಿದರೆ ಅವನು ಮೊಬೈಲಿನ ಅರ್ಧ ನಿಮಿಷದ ಅನಾಮಧೇಯ ಪ್ರವಚನಕ್ಕೆ ಕಿವಿಗೊಡುವನು. ಬೋಳುವಾರು ಮಹಮದ್ ಕುಂಞಿ ಅವರು ಪ್ರವಾದಿಗಳ ಜೀವನವನ್ನಾಧರಿಸಿ 'ಓದಿರಿ' ಎಂಬ ಕಾದಂಬರಿಯನ್ನೇ ರಚಿಸಿದರು. ಇಂತಹವು ಹತ್ತು ಬೇಕು.

ರಸದ ಸಾಮಗ್ರಿಯು ಈ ಸೀಮೆಯಲ್ಲಿಯೇ ಇದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಪ್ರಸಿದ್ಧವಾದುದು. ಕ್ರಿ. ಶ. 680ರಲ್ಲಿ ಕರ್ಬಲೆಯಲ್ಲಿ ಹುತಾತ್ಮರಾದ ಹುಸೇನರ ಕಥೆಯನ್ನು ಅಲಾಯಿ ಹಬ್ಬದಲ್ಲಿ ಅಚ್ಚಗನ್ನಡದ ಪದಗಳಾಗಿ ಹಾಡುವರು; ಹಾಡುವವರಲ್ಲಿ ಹಿಂದುಗಳೂ ಉಂಟು. ಈ ಪದಗಳಿಗೆ ಶಾಸ್ತ್ರಶುದ್ಧಿಯಿಲ್ಲವೆಂದು ಮೌಲವಿಗಳು ಹೇಳಬಹುದು. ಆ ನಿರ್ಣಯವು ಅವರದು. ಆದರೆ ಅಕ್ಷರವನ್ನೇ ಅರಿಯದವನ ಕಣ್ಣಲ್ಲಿಯೂ ನೀರು ತರಿಸಿದ ಈ ಕನ್ನಡವನ್ನು ಅಸಮರ್ಥವೆನ್ನಲು ಯಾರಿಗೂ ಅಧಿಕಾರವಿಲ್ಲ.

ಸಾಹಿತ್ಯಸಂಘಗಳ ಪಂಡಿತರು ಮಾತ್ರ ನಿರ್ದೋಷಿಗಳೇ? ಇಸ್ಲಾಮಿನ ಮಾತು ಬಂದೊಡನೆ "ಅದು ಮತಪ್ರಚಾರ, ಸಾಹಿತ್ಯವಲ್ಲ" ಎನ್ನುವರು. ಪಂಪನ ಆದಿಪುರಾಣವು ತೀರ್ಥಂಕರನ ಚರಿತ್ರೆಯಲ್ಲವೇ? ಹರಿಹರನ ರಗಳೆಗಳು ಶಿವಶರಣರ ಸ್ತುತಿಯಲ್ಲವೇ? ಅವು ಕಾವ್ಯವಾದರೆ ಹುಸೇನರ ಕಥೆ ಏಕಾಗಬಾರದು? ಶಿಶುನಾಳ ಶರೀಫರ ಹೆಸರೊಂದನ್ನು ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಉಚ್ಚರಿಸಿ ಕೈತೊಳೆದುಕೊಳ್ಳುವುದು ಸುಲಭ.

ಸಂಘವು ಮುಂದಿನ ಮೊಹರಮ್ಮಿಗೆ ಮುಂಚೆಯೇ ಇಬ್ಬರು ಲೇಖಕರನ್ನು ಸಾಲಗುಂದ, ಮಸ್ಕಿ, ಮುದಗಲ್ಲುಗಳಿಗೆ ಕಳುಹಿಸಿ ವೃದ್ಧ ಹಾಡುಗಾರರಿಂದ ಪದಗಳನ್ನು ಬರೆದುಕೊಳ್ಳಲಿ. ಅವರ ಹೆಸರಿನೊಡನೆಯೇ ಅಚ್ಚುಹಾಕಲಿ. ಅರಬ್ಬೀ ಶಬ್ದಗಳನ್ನು ತಿದ್ದದೆ ಉಳಿಸಿ, ಸಂಸ್ಕೃತ ಶಬ್ದಗಳಿಗೆ ಕೊಡುವಂತೆಯೇ ಅವಕ್ಕೂ ಪುಟದಡಿಯಲ್ಲಿ ಅರ್ಥವನ್ನು ಕೊಡಲಿ.